ಒಂದು ಕ್ವಿಂಟಲ್ ಕೊಬ್ಬರಿಗೆ ಎಷ್ಟು ಪಿಕ್ಸೆಲ್?

ನೊಣವಿನಕೆರೆ ಕಡೆಯ ನಮ್ಮಕ್ಕನ ಮನೆಯಲ್ಲಿ ಕೊಬ್ಬರಿ ಮಾರಿಬಂದ ದಿನ ರಾತ್ರಿ ಊಟಕ್ಕೆ ಮುಂಚೆ ಲೆಕ್ಕ ಆಗಬೇಕು. ಭಾವ ಜಗಲಿ ಮೇಲೆ ಕೂತು, ಮಂಡಿಯಲ್ಲಿ ಕೊಟ್ಟ ಪಟ್ಟಿಯನ್ನು ತೊಡೆ ಮೇಲೆ ಹರಡಿಕೊಂಡು, ಸೊಸೈಟಿಗೆ ಇಷ್ಟು, ಗೊಬ್ಬರದಂಗಡಿಗೆ ಇಷ್ಟು, ಕಾಯಿ ಸುಲಿದವರಿಗೆ ಇಷ್ಟು ಎಂದು ಬಾಯಲ್ಲೇ ಹಂಚುತ್ತಾರೆ. 2025ರಲ್ಲಿ ಧಾರಣೆ ಏರಿದಾಗ ಆ ಪಟ್ಟಿಯ ಕೊನೆಗೆ ಹೊಸ ಬಾಬತ್ತೊಂದು ಸೇರಿತು. “ಒಂದು ಕ್ವಿಂಟಲ್ ನಿಂದು ಕಣಪ್ಪ” ಎಂದರು ಮಗನಿಗೆ. “ಅದೇನೋ ಪರದೆ ಪರದೆ ಅಂತ ಆರು ತಿಂಗಳಿಂದ ಪ್ರಾಣ ತಿಂತಿದ್ದೀಯಲ್ಲ, ಅಷ್ಟರೊಳಗೆ ತಗೊ. ಮೇಲೊಂದು ರೂಪಾಯಿ ಕೇಳಬ್ಯಾಡ.”

ಸೋದರಳಿಯ ಎಂಜಿನಿಯರಿಂಗ್ ಮೂರನೇ ವರ್ಷ. ಹಗಲು ತಿಪಟೂರಿನಲ್ಲಿ ಕಾಲೇಜು, ರಾತ್ರಿ ಮನೆಯಲ್ಲಿ ಗೇಮು. ಅವನು ನನ್ನ ಕಡೆ ನೋಡಿದ. ನೆಂಟರಿಷ್ಟರ ಪೈಕಿ ಕಂಪ್ಯೂಟರ್ ಬಗ್ಗೆ ನಾಲ್ಕಕ್ಷರ ಬರೆಯುವವನು ನಾನೊಬ್ಬ. ಹಾಗಾಗಿ ಲ್ಯಾಪ್‌ಟಾಪು ಕೆಟ್ಟರೂ, ಪ್ರಿಂಟರು ಕಾಗದ ನುಂಗಿದರೂ ಬಂದು ಬೀಳುವುದು ನನ್ನ ಕೊರಳಿಗೆ. “ಮಾವ, 4ಕೆ ತಗೊಂಡ್ಬಿಡ್ಲಾ?” ಎಂದ. ಆ ಒಂದು ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಮೂರು ವಾರ ಹಿಡಿಯಿತು.

ಒಂದು ಕ್ವಿಂಟಲ್ ಅನ್ನುವುದು ಬಲು ಚಂಚಲ ಅಳತೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯ ಧಾರಣೆ ಅದಕ್ಕೂ ಕೆಳಗೆ ಬಿದ್ದು, ಜನ ನಾಫೆಡ್ ಖರೀದಿಯ ದಾರಿ ಕಾಯುತ್ತಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಓಡಿತು. ಎರಡು ಕ್ವಿಂಟಲ್ ಸುರಿದರೂ ಬಾರದಿದ್ದ ಮಾನಿಟರು ಒಂದೇ ಕ್ವಿಂಟಲಿಗೆ ಬರುವಂತಾಯಿತು. ಕಪ್ಪುತಲೆ ಹುಳು, ಬಿಳಿನೊಣ ಅಂತ ತೋಟಗಳು ಸೊರಗಿ, ಬೆಲೆ ಬಂದಾಗ ಮರದಲ್ಲಿ ಕಾಯಿಲ್ಲ ಅನ್ನುವ ಸಂಕಟ ಬೇರೆಯೇ ಇದೆ. ಅದನ್ನು ಇಲ್ಲಿ ಎತ್ತಿದರೆ ಲೇಖನ ಬೇರೆ ಕಡೆಗೆ ಹೋಗುತ್ತದೆ.

ಕೊಬ್ಬರಿ ಬೆಳೆಯುವವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಒಂದು ವರ್ಷ. ಕೆಡವಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಉಂಡೆ ಗುಡುಗುಡು ಅನ್ನುವ ತನಕ ಮತ್ತೆ ಹತ್ತು ಹನ್ನೊಂದು ತಿಂಗಳು. ಸುಲಿದು ಒಡೆದಾದ ಮೇಲೂ ಧಾರಣೆ ಬರಲಿ ಅಂತ ಮೂಟೆ ಕಟ್ಟಿ ಇನ್ನಷ್ಟು ದಿನ. ಎಲೆಕ್ಟ್ರಾನಿಕ್ ಸಾಮಾನಿನ ಧರ್ಮ ಇದಕ್ಕೆ ಪೂರಾ ಉಲ್ಟಾ: ಮನೆಯಲ್ಲಿಟ್ಟುಕೊಂಡರೆ ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದ “ಮುಂದೆ ಬೇಕಾಗಬಹುದು” ಅಂತ ಇವತ್ತೇ ದುಬಾರಿ ಪರದೆ ತಂದಿಡುವುದರಲ್ಲಿ ಅರ್ಥವಿಲ್ಲ. ಇವತ್ತು ನಿನ್ನ ಮೇಜಿನ ಮೇಲೆ, ಇವತ್ತಿರುವ ಕಂಪ್ಯೂಟರಿಗೆ ಏನು ಹೊಂದುತ್ತದೋ ಅದನ್ನು ತಗೊ ಅಂದೆ. ಅವನಿಗೆ ರುಚಿಸಲಿಲ್ಲ.

ಅವನಿಗೆ ಹುಳಿಯಾರು ಕಡೆಯ ನಮ್ಮ ನೆಂಟರ ಹುಡುಗನ ಕತೆ ಹೇಳಬೇಕಾಯಿತು. ಆ ಹುಡುಗ ಹಿಂದಿನ ವರ್ಷ ಒಂದು ಅಂಗಡಿಯವರ ಮಾತು ನಂಬಿ 27 ಇಂಚಿನ 4ಕೆ ಮಾನಿಟರು ತಂದ. ಕಂಪ್ಯೂಟರಿನಲ್ಲಿದ್ದದ್ದು 4 ಜಿಬಿ ಮೆಮೊರಿಯ ಹಳೇ ಗ್ರಾಫಿಕ್ಸ್ ಕಾರ್ಡು. ಬೂಟ್ ಆಗಿ ತೋಟದ ಚಿತ್ರವೊಂದು ಬಂದಾಗ ಮನೆಮಂದಿಯೆಲ್ಲ ಬಾಯಿ ಬಿಟ್ಟು ನೋಡಿದರಂತೆ. ಗೇಮು ಹಾಕಿದ. ಓಡಬೇಕಾದ ಕುದುರೆ ಉತ್ತು ಸುಸ್ತಾದ ಎತ್ತಿನ ಹಾಗೆ ಹೆಜ್ಜೆ ಎಣಿಸಿಕೊಂಡು ನಡೆಯಿತು. ವಾಪಸ್ ಒಯ್ದರೆ, “ಮಾನಿಟರಿಗೇನಾಗಿದೆ? ಚೆನ್ನಾಗೇ ಇದೆಯಲ್ಲ” ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಾರುವ ಮುಂಚೆ ಅವನ ಕಾರ್ಡು ಯಾವುದು ಅಂತ ಕೇಳುವ ಗೋಜಿಗೆ ಹೋಗಿರಲಿಲ್ಲ.

ಇದನ್ನು ತೆಂಗಿನ ಸೀಮೆಯವರಿಗೆ ಅರ್ಥ ಮಾಡಿಸುವುದು ಸುಲಭ. 30 ಅಡಿಗೊಂದು ಗಿಡ ಇಟ್ಟರೆ ಎಕರೆಗೆ 48 ತೆಂಗು. ಪರದೆಯ ಅಳತೆ ಅಂದರೆ ಹೊಲ. ರೆಸಲ್ಯೂಷನ್ ಅಂದರೆ ಆ ಹೊಲದಲ್ಲಿ ಎಷ್ಟು ಗಿಡ ನೆಟ್ಟಿದ್ದೀರಿ ಅನ್ನುವುದು. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ನಡುವಿನದು 2560×1440: 36,86,400. 4ಕೆ ಅಂದರೆ 3840×2160: 82,94,400. ಫುಲ್ ಎಚ್‌ಡಿಗಿಂತ ಸರಿಯಾಗಿ ನಾಲ್ಕು ಪಟ್ಟು. ಹೊಲ ಅಷ್ಟೇ, ಗಿಡ ನಾಲ್ಕು ಪಟ್ಟು. ನೀರು? ನೀರು ಕೊಡುವ ಬೋರ್‌ವೆಲ್ಲೇ ಗ್ರಾಫಿಕ್ಸ್ ಕಾರ್ಡು. ಸೆಕೆಂಡಿಗೆ 60 ಸಲ ಅಷ್ಟೂ ಗಿಡಗಳಿಗೆ ನೀರು ಹಾಯಿಸಬೇಕು ಅಂದರೆ 4ಕೆಯಲ್ಲಿ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿಯನ್ನು ಹೊಸದಾಗಿ ಲೆಕ್ಕ ಹಾಕಿ ಬಣ್ಣ ಬಳಿಯಬೇಕು. ಒಂದೂವರೆ ಇಂಚು ನೀರಿರುವ ಬೋರು ನಂಬಿ ನಾಲ್ಕು ಪಟ್ಟು ಗಿಡ ನೆಡುವವರನ್ನು ನಮ್ಮೂರಲ್ಲಿ ಏನಂತಾರೆ ಗೊತ್ತಲ್ಲ?

“ನಿನ್ನ ಕಾರ್ಡು ಎಷ್ಟು ಇಂಚು?” ಎಂದು ಭಾವ ಮಗನನ್ನು ಕೇಳಿದರು. ಮಾನಿಟರ್ ಕುರಿತು ಆ ಮನೆಯಲ್ಲಿ ಬಂದ ಮೊದಲ ಸರಿಯಾದ ಪ್ರಶ್ನೆ ಅದು.

ಅವನದು ಆರ್‌ಟಿಎಕ್ಸ್ 4060. 8 ಜಿಬಿ ಮೆಮೊರಿ. ಎರಡು ಇಂಚಿನ ಬೋರು ಅನ್ನಿ. ಫುಲ್ ಎಚ್‌ಡಿಗೆ ಧಾರಾಳ, 1440ಕ್ಕೆ ಹೆಚ್ಚಿನ ಗೇಮುಗಳಲ್ಲಿ ಸಾಲುತ್ತದೆ, 4ಕೆಗೆ ಏದುಸಿರು. ಇಲ್ಲಿ ಹುಡುಗ ಒಂದು ಪಾಯಿಂಟು ಹಾಕಿದ: “ಡಿಎಲ್‌ಎಸ್‌ಎಸ್ ಇದೆಯಲ್ಲ ಮಾವ?” ಇದೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಇವೆಲ್ಲ ಒಂಥರಾ ಹನಿ ನೀರಾವರಿ. ಹೊಲಕ್ಕೆಲ್ಲ ಹಾಯಿಸುವ ಬದಲು ಬುಡಕ್ಕಷ್ಟೇ ಹನಿಸುವ ಉಪಾಯ. 4ಕೆ ಪರದೆಗೆ ‘ಕ್ವಾಲಿಟಿ’ ಅಂತ ಹಾಕಿದರೆ ಕಾರ್ಡು ನಿಜವಾಗಿ ಬರೆಯುವುದು 2560×1440 ಚಿತ್ರ. ‘ಪರ್ಫಾರ್ಮೆನ್ಸ್’ ಅಂತ ಹಾಕಿದರೆ ಬರೀ 1920×1080. ಉಳಿದ ಚುಕ್ಕಿಗಳನ್ನು ಹಿಂದಿನ ಚಿತ್ರಗಳ ನೆನಪಿನಿಂದ ಊಹಿಸಿ ತುಂಬುತ್ತದೆ. ಊಹೆ ಈಗೀಗ ತುಂಬಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲ ಗೇಮಿನಲ್ಲೂ ಈ ಸೌಲಭ್ಯ ಇರುವುದಿಲ್ಲ, ಊಹಿಸುವುದಕ್ಕೂ ಒಂದಿಷ್ಟು ಶಕ್ತಿ ಬೇಕು, 8 ಜಿಬಿ ಮೆಮೊರಿ ತುಂಬಿಹೋದರೆ ಹನಿ ಪೈಪೂ ಕಟ್ಟಿಕೊಳ್ಳುತ್ತದೆ. ನಡುನಡುವೆ ಸುಳ್ಳು ಚಿತ್ರ ಸೇರಿಸಿ ಫ್ರೇಮಿನ ಲೆಕ್ಕ ಹೆಚ್ಚಿಸುವ ಇನ್ನೊಂದು ಆಟವೂ ಇದೆ. ಅದು ಕಣ್ಣಿಗೆ ನುಣುಪು. ಮೌಸ್ ಹಿಡಿದ ಕೈಗೆ ಮಾತ್ರ ಹಳೇ ತಡವೇ.

ಅಷ್ಟಕ್ಕೂ ಯಾವ ಆಟ ಆಡುತ್ತೀಯ ಅನ್ನುವುದರ ಮೇಲೆ ಎಲ್ಲ ನಿಂತಿದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಗುಂಡು ಹಾರಿಸುವ ಆಟಗಳನ್ನು ವೃತ್ತಿಯಾಗಿ ಆಡುವವರ ಮುಂದೆ ಇವತ್ತಿಗೂ ಹೆಚ್ಚಾಗಿ ಇರುವುದು 24-25 ಇಂಚಿನ ಸಾದಾ ಫುಲ್ ಎಚ್‌ಡಿ. ಅವರಿಗೆ ಬೇಕಾದದ್ದು ವೇಗ: 240 ಹರ್ಟ್ಸ್, 360 ಹರ್ಟ್ಸ್, ಅದಕ್ಕೂ ಮೇಲೆ. 60 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದು 16.7 ಮಿಲಿಸೆಕೆಂಡಿಗೊಮ್ಮೆ, 144 ಹರ್ಟ್ಸ್‌ನದು 6.9ಕ್ಕೆ, 240ರದು 4.2ಕ್ಕೆ. 60ರಿಂದ 144ಕ್ಕೆ ಹೋದವನಿಗೆ ಕಣ್ಣಿನ ಪೊರೆ ತೆಗೆಸಿದ ಹಾಗಾಗುತ್ತದೆ. 144ರಿಂದ 240ಕ್ಕೆ ಹೋದವನು ಆದಂತೆ ನಟಿಸುತ್ತಾನೆ, ಎಂದು ನನ್ನ ಗುಮಾನಿ. ಕುದುರೆ ಏರಿ ಬೆಟ್ಟ ಗುಡ್ಡ ಸುತ್ತುವ ರೆಡ್ ಡೆಡ್ ರಿಡೆಂಪ್ಷನ್ 2, ಕಾರು ಓಡಿಸುವ ಫೋರ್ಝಾ ಹೊರೈಝನ್ 5 ಇಂಥವಕ್ಕೆ ಮಾತ್ರ ಚುಕ್ಕಿ ಹೆಚ್ಚಿದಷ್ಟೂ ಸೊಗಸು.

ಭಾವನಿಗೆ ನಡುವೆ ಒಂದು ಅನುಮಾನ. “ಇದು ಆ ರಮ್ಮಿ ಗಿಮ್ಮಿ ಅಲ್ಲ ತಾನೆ?” ಅಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಜೊತೆಗೆ ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಹುಟ್ಟಿತ್ತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು, ಅಂದರೆ ಇವನು ಆಡುವ ಆಟಗಳ ಹಿಂದೆ ನಮ್ಮ ರಾಜಧಾನಿಯ ಕೈಗಳೂ ಇವೆ ಎಂದೆ. “ಅಲ್ಲಿ ಕೆಲಸ ಕೊಡ್ತಾರಾ?” ಎಂದರು. ವಿಷಯ ಬದಲಿಸಿದೆ.

ಮಾರನೇ ದಿನ ಬೆಳಿಗ್ಗೆ ಹುಡುಗನನ್ನು ತೋಟಕ್ಕೆ ಕರಕೊಂಡು ಹೋದೆ. ಎಷ್ಟು ರೆಸಲ್ಯೂಷನ್ ಸಾಕು ಅನ್ನುವುದಕ್ಕೆ ತೆಂಗಿನ ತೋಟಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ. ಹತ್ತಿರದ ಮರದ ಗರಿ ನೋಡಿ: ಒಂದೊಂದು ಎಲೆಯೂ ಬಾಚಣಿಗೆ ಹಲ್ಲಿನ ಹಾಗೆ ಬೇರೆ ಬೇರೆ. ನಾಲ್ಕು ಸಾಲು ಆಚೆಯದು ನೋಡಿ: ಇನ್ನೂ ಬಿಡಿಬಿಡಿ. ತೋಟದ ಕೊನೆಯ ಬೇಲಿ ದಾಟಿ ಪಕ್ಕದವರ ಮರ ನೋಡಿದರೆ ಗರಿ ಗರಿಯೇ, ಎಲೆ ಮಾತ್ರ ಒಂದಕ್ಕೊಂದು ಅಂಟಿ ಹಸಿರು ಪಟ್ಟಿ. ನೆಟ್ಟಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣದನ್ನು ಬಿಡಿಸಿ ನೋಡಲಾರದು. ಲೆಕ್ಕ ಹಾಕಿದರೆ 4 ಸೆಂಟಿಮೀಟರ್ ಅಗಲದ ತೆಂಗಿನ ಎಲೆ ಸುಮಾರು 135 ಮೀಟರ್ ದಾಟಿದ ಮೇಲೆ ಕಣ್ಣಿಗೆ ಕರಗುತ್ತದೆ. ಪಿಕ್ಸೆಲ್ಲಿನ ವಿಷಯವೂ ಇದೇ. ಕೂತ ದೂರದಿಂದ ಚುಕ್ಕಿ ಕರಗಿಹೋದ ಮೇಲೆ ಅದಕ್ಕಿಂತ ಸಣ್ಣ ಚುಕ್ಕಿಗೆ ಕೊಟ್ಟ ದುಡ್ಡು ಬಹುಮಟ್ಟಿಗೆ ಗಾಳಿಗೆ.

ಮನೆಗೆ ಬಂದು ಕುರ್ಚಿಯಲ್ಲಿ ಕೂರಿಸಿ, ಕಣ್ಣಿನಿಂದ ಪರದೆ ಇರುವ ಜಾಗಕ್ಕೆ ಅಳೆದೆವು. ಟೇಪು ಕೊಟ್ಟಿಗೆಯಲ್ಲೆಲ್ಲೋ ಇತ್ತು, ಮೊಳ ಹಾಕಿದೆವು. ಮೊಳವೊಂದಕ್ಕೆ 45 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಚುಕ್ಕಿ ಕರಗಬೇಕಾದರೆ ಎರಡು ಮೊಳಕ್ಕಿಂತ ತುಸು ಹಿಂದೆ, ಅಂದರೆ 95 ಸೆಂಟಿಮೀಟರ್ ದೂರ ಕೂರಬೇಕು. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ ಒಂದು ಮೀಟರಿಗೂ ಆಚೆ. ಇಂಥದ್ದು ಅಗ್ಗಕ್ಕೆ ಸಿಗುತ್ತದೆ, ತಗೊಳ್ಳಬೇಡಿ. 27 ಇಂಚಿನ 1440ಕ್ಕೆ 80 ಸೆಂಟಿಮೀಟರ್, ಒಂದೂ ಮುಕ್ಕಾಲು ಮೊಳ. 32 ಇಂಚಿನ 4ಕೆಗೆ 63. 27 ಇಂಚಿನ 4ಕೆಗೆ ಮೊಳ ಮತ್ತು ನಾಲ್ಕು ಬೆರಳು, 53. ನಮ್ಮ ಹುಡುಗ ಕೂರುವುದು ಒಂದೂವರೆ ಮೊಳದಲ್ಲಿ. ಅಂದರೆ 1440ರಲ್ಲಿ ಕಣ್ಣು ಕೀಲಿಸಿ ಹುಡುಕಿದರೆ ಚುಕ್ಕಿ ಸಿಕ್ಕೀತು, ಆಟದ ಭರದಲ್ಲಿ ಸಿಗದು. 27ರ 4ಕೆ ಅವನ ಕಣ್ಣಿನ ಶಕ್ತಿಗಿಂತ ಹೆಚ್ಚು. 4ಕೆಯೇ ಬೇಕೆಂದರೆ 32 ಇಂಚು ನ್ಯಾಯ. ಇದರಲ್ಲಿ ಒಂದು ತಕರಾರಿದೆ: ಮೆಟ್ಟಿಲು ಮೆಟ್ಟಿಲಾದ ಓರೆಗೆರೆಯನ್ನು ಕಣ್ಣು ಈ ಲೆಕ್ಕಕ್ಕಿಂತ ಸೂಕ್ಷ್ಮವಾಗಿ ಹಿಡಿಯುತ್ತದೆ. ಗೇಮಿನಲ್ಲಿ ದೂರದ ಗರಿ ಗಾಳಿಗೆ ಆಡುವಾಗ ಮಿಣಮಿಣ ಮಿನುಗುತ್ತದಲ್ಲ, ಅದು ಇದೇ. 2004ರ ಫಾರ್ ಕ್ರೈ ಕಾಲದಿಂದಲೂ ತೆಂಗಿನ ಜಾತಿಯ ಮರಗಳೆಂದರೆ ಗ್ರಾಫಿಕ್ಸ್ ಕಾರ್ಡುಗಳಿಗೆ ಸತ್ವಪರೀಕ್ಷೆ.

4ಕೆ ಪರವಾಗಿ ನಾನೇ ಒಂದು ವಾದ ಹೂಡಬಲ್ಲೆ, ಅದು ಗೇಮಿನದಲ್ಲ, ಕನ್ನಡದ್ದು. ವಿಂಡೋಸ್‌ನಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೆ ಸಿಗುವ ಎತ್ತರ 12 ಚುಕ್ಕಿ. ಇಂಗ್ಲಿಷಿನ ಅಕ್ಷರಗಳು ಒಂದಂತಸ್ತಿನ ಮನೆಗಳು, ಅಷ್ಟರಲ್ಲಿ ನೆಮ್ಮದಿಯಾಗಿರುತ್ತವೆ. ನಮ್ಮದು ಹಾಗಲ್ಲ. ‘ರಾಷ್ಟ್ರೀಯ’ ಅನ್ನುವುದರ ನಡುವಿನ ಅಕ್ಷರವನ್ನು ನೋಡಿ: ಮೇಲೆ ಗುಡಿಸು, ನಡುವೆ ಷ, ಕೆಳಗೆ ಟ-ವತ್ತು, ಅದರ ಪಕ್ಕಕ್ಕೆ ರ-ವತ್ತು. ಮೂರಂತಸ್ತಿಗೆ ತಲಾ ನಾಲ್ಕು ಚುಕ್ಕಿ. ವತ್ತು ಒಂದು ಮಸಿ ಬೊಟ್ಟಾಗದೆ ಇನ್ನೇನಾದೀತು? ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಓದಿದರೆ ಕಣ್ಣು ನೋಯುತ್ತೆ ಅನ್ನುವುದು ಭಾಷೆಯ ತಪ್ಪಲ್ಲ, ಚುಕ್ಕಿಯ ಬಡತನ. 4ಕೆ ಪರದೆಯಲ್ಲಿ ಅಕ್ಷರವನ್ನು 200 ಪರ್ಸೆಂಟ್ ಮಾಡಿದರೆ ಅದೇ ಗಾತ್ರಕ್ಕೆ 24 ಚುಕ್ಕಿ. ವತ್ತಿನ ಬಾಲವೂ ತಿರುವೂ ಅಚ್ಚಿನ ಪುಸ್ತಕದಷ್ಟು ಸ್ಪಷ್ಟ. ದಿನಕ್ಕೆ ಎಂಟು ಗಂಟೆ ಕನ್ನಡ ಓದಿ ಬರೆಯುವ ನಾನು ಮೇಜಿನ ಮೇಲೆ 4ಕೆ ಇಟ್ಟುಕೊಂಡಿರುವುದು ಇದಕ್ಕೇ. ಅಳಿಯ ದಿನಕ್ಕೆ ಎಂಟು ನಿಮಿಷ ಓದುತ್ತಾನೆ.

ಇನ್ನು ಪರದೆಯ ಜಾತಿ. ಮುಖ್ಯವಾಗಿ ಮೂರು: ಐಪಿಎಸ್, ವಿಎ, ಓಎಲ್‌ಇಡಿ. ಐಪಿಎಸ್ ಪಕ್ಕದಿಂದ ನೋಡಿದರೂ ಬಣ್ಣ ಕೆಡದು, ಆದರೆ ಕತ್ತಲನ್ನು ಬೂದಿ ಬಣ್ಣಕ್ಕೆ ತೋರಿಸುತ್ತದೆ. ಅದರ ಕಪ್ಪು ಬಿಳುಪಿನ ಅಂತರ 1000ಕ್ಕೆ 1ರ ಆಸುಪಾಸು. ವಿಎ 3000ಕ್ಕೆ 1 ದಾಟಿಸುತ್ತದೆ. ಕಪ್ಪು ಚೆಂದ, ಆದರೆ ಕತ್ತಲಲ್ಲಿ ಓಡುವ ವಸ್ತುವಿನ ಹಿಂದೆ ಎಣ್ಣೆ ಒರೆಸಿದ ಹಾಗೆ ಜಿಡ್ಡು ಉಳಿಯುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ದೀಪ, ಆರಿದರೆ ಆರಿತು: ಕರೆಂಟು ಹೋದ ಅಮಾವಾಸ್ಯೆಯ ತೋಟ. ಅದರ ಮುಂದೆ ಉಳಿದವೆಲ್ಲ ಸಪ್ಪೆ. ಆದರೆ ಬೆಲೆ ಎರಡು ಮೂರು ಕ್ವಿಂಟಲ್. ದಿನವಿಡೀ ಒಂದೇ ಜಾಗದಲ್ಲಿ ನಿಂತ ಗುರುತು, ಗೇಮಿನ ಮೂಲೆಯ ನಕಾಶೆ, ವಿಂಡೋಸ್‌ನ ಕೆಳಪಟ್ಟಿ, ಇವು ಕಾಲಕ್ರಮದಲ್ಲಿ ಪರದೆಯಲ್ಲೇ ಅಚ್ಚೊತ್ತಿಕೊಳ್ಳುವ ಭಯ ಬೇರೆ. ಎಷ್ಟೋ ಓಎಲ್‌ಇಡಿಗಳಲ್ಲಿ ಅಕ್ಷರದ ಅಂಚಿಗೆ ಬಣ್ಣದ ಎಳೆಯೊಂದು ಕಾಣುತ್ತದೆ, ವತ್ತಕ್ಷರ ಓದುವವರಿಗೆ ಅದು ಇನ್ನಷ್ಟು ಕಿರಿಕಿರಿ.

ಹೊಳಪಿನ ಮೈಯೋ ಮಬ್ಬು ಮೈಯೋ ಅನ್ನುವುದನ್ನು ಅಂಗಡಿಯ ಬೆಳಕಲ್ಲಿ ನಿರ್ಧರಿಸಬಾರದು. ತುರುವೇಕೆರೆಯ ಗಂಗಾಧರೇಶ್ವರ ದೇವಸ್ಥಾನದ ಬಸವನನ್ನು ನೋಡಿದ್ದೀರಲ್ಲ, ಕರಿಕಲ್ಲಿಗೆ ಶತಮಾನಗಳ ಹಿಂದೆ ಕೊಟ್ಟ ಪಾಲಿಷು ಇವತ್ತಿಗೂ ಕನ್ನಡಿ. ಬಾಗಿಲ ಕಡೆಯಿಂದ ಬೆಳಕು ಬಿದ್ದರೆ ಅದರ ಮೈ ಮೇಲೆ ನಾವೇ ಕಾಣುತ್ತೇವೆ, ಕೆತ್ತನೆ ಆಮೇಲೆ. ಹೊಳಪಿನ ಪರದೆಯೂ ಹಾಗೆಯೇ. ನಮ್ಮಕ್ಕನ ಮನೆಯಲ್ಲಿ ಹುಡುಗನ ಮೇಜಿಗೆ ಎದುರಾಗಿ ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಪಡುವಣ ಬಿಸಿಲು ಗರಿಗಳ ಸಂದಿಯಿಂದ ತೂರಿ, ಪಟ್ಟೆ ಪಟ್ಟೆಯಾಗಿ ಪರದೆ ಮೇಲೆ ಕುಣಿಯುತ್ತದೆ. ಮಬ್ಬು ಮೈಯೇ ಗತಿ. ಪೆಟ್ಟಿಗೆ ಮೇಲಿನ ‘ಎಚ್‌ಡಿಆರ್ 400’ ಎಂಬ ಮೊಹರಿಗೆ ಮರುಳಾಗಬೇಕಿಲ್ಲ, ಅದು 400 ನಿಟ್ ಬೆಳಕು ಕೊಡುತ್ತದೆ ಅಂತಷ್ಟೇ. ಕತ್ತಲ ಭಾಗದ ದೀಪ ಬೇರೆಯಾಗಿ ಆರಿಸುವ ಶಕ್ತಿ ಅದಕ್ಕೆ ಬೇಕಾಗಿಲ್ಲ. ‘1 ಎಂಎಸ್’ ಕೂಡ ಹಾಗೇ. ಆ ವೇಗ ಸಿಗುವಷ್ಟು ಪರದೆಯನ್ನು ಅಟ್ಟಿದರೆ ಚಿತ್ರದ ಸುತ್ತ ದೆವ್ವದ ನೆರಳು ಏಳುತ್ತದೆ.

ಬಿಡಬಾರದ ಒಂದು ಗುಣವೆಂದರೆ ಅಡಾಪ್ಟಿವ್ ಸಿಂಕ್. ಫ್ರೀಸಿಂಕ್, ಜಿ-ಸಿಂಕ್ ಅಂತ ಹೆಸರು ಬೇರೆ ಬೇರೆ. ಕಾರ್ಡಿನಿಂದ ಚಿತ್ರ ಒಂದು ಕ್ಷಣ ಬೇಗ, ಒಂದು ಕ್ಷಣ ತಡವಾಗಿ ಬರುತ್ತಿರುತ್ತದೆ. ಪರದೆ ಅದಕ್ಕೆ ಕಾಯದೆ ತನ್ನ ಪಾಡಿಗೆ ಬರೆದುಕೊಂಡು ಹೋದರೆ, ಮೇಲರ್ಧ ಹೊಸ ಚಿತ್ರ, ಕೆಳಗರ್ಧ ಹಳೆಯದು. ತೆಂಗಿನ ಮರದ ಬುಡ ಒಂದು ಕಡೆ, ತಲೆ ಒಂದು ಮಾರು ಆಚೆ. ಇದನ್ನು ತಪ್ಪಿಸುವುದೇ ಸಿಂಕ್. ಈಗ ಸಾಧಾರಣ ಬೆಲೆಯ ಮಾನಿಟರಿನಲ್ಲೂ ಇರುತ್ತದೆ.

ಕೇಬಲ್ಲು ಎಂಬ ನಾಲೆಯ ಬಗ್ಗೆ ಎರಡು ಮಾತು. ಎಚ್‌ಡಿಎಂಐ 2.0ರಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಹರಿಯುತ್ತದೆ. 4ಕೆಯಾದರೆ 60 ಹರ್ಟ್ಸ್‌ಗೆ ಸರಿಹೋಯಿತು. 2.1ರಲ್ಲಿ 48 ಗಿಗಾಬಿಟ್ ತನಕ ಅವಕಾಶವಿದೆ, ಆದರೆ ‘2.1’ ಅಂತ ಬರೆದ ಪೋರ್ಟೆಲ್ಲ ಅಷ್ಟು ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ‘4ಕೆ 120’ ಎಂಬ ಅಂಕಿಯನ್ನೇ ಹುಡುಕಿ. ಕಂಪ್ಯೂಟರಿನವರಿಗೆ ಡಿಸ್‌ಪ್ಲೇಪೋರ್ಟ್ ಸಾಕು. ಪ್ಲೇಸ್ಟೇಷನ್ 5 ಇಟ್ಟುಕೊಂಡವರು 1440ರ ಪರದೆಯನ್ನೂ ಧೈರ್ಯವಾಗಿ ತಗೊಳ್ಳಬಹುದು, 2022ರ ಸೆಪ್ಟೆಂಬರಿನಿಂದ ಅದಕ್ಕೆ ಬೆಂಬಲ ಇದೆ.

ಭಾವನ ಚಿಂತೆ ಇದ್ಯಾವುದೂ ಅಲ್ಲ, ಕರೆಂಟು. ಇವರ ತೋಟದ 5 ಎಚ್‌ಪಿ ಮೋಟರು ಎಳೆಯುವುದು 3,700 ವ್ಯಾಟಿನ ಮೇಲೆ. 27 ಇಂಚಿನ ಮಾನಿಟರು 30-40 ವ್ಯಾಟು; ಅವನ ಗ್ರಾಫಿಕ್ಸ್ ಕಾರ್ಡಿನ ಮಿತಿ 115 ವ್ಯಾಟು; ಎಲ್ಲ ಸೇರಿ ಆಡುವಾಗ 300 ಅನ್ನಿ. ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ 36 ಯೂನಿಟ್. ಮೇಲುನೋಟಕ್ಕೆ ಏನಲ್ಲ. ಆದರೆ ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟೇ ಹೊರತು ಎಲ್ಲರಿಗೂ 200 ಯೂನಿಟ್ ಅಲ್ಲ. ಹಳ್ಳಿಮನೆಯ ಸರಾಸರಿಗೆ ಈ 36 ಸೇರಿದರೆ ಹೆಚ್ಚುವರಿಗೆ ಬಿಲ್ಲು ಬರುತ್ತದೆ. ಮೊದಲೇ ಹೇಳಿಬಿಟ್ಟೆ, ಆಮೇಲೆ ಬೈಸಿಕೊಳ್ಳುವುದು ನಾನೇ.

ಅದಕ್ಕಿಂತ ಮುಖ್ಯ ಅರ್ಥಿಂಗ್. ಹಳೇ ಮನೆಗಳಲ್ಲಿ ಮೂರನೇ ತೂತು ಗೋಡೆಯಲ್ಲಿರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಕಂಪ್ಯೂಟರಿನ ಮೈ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮಾನಿಟರ್ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮ ಸೀಮೆಯಲ್ಲಿ ಸುಳಿ ಸುಟ್ಟು ನಿಂತ ತೆಂಗು ಕಾಣದ ತೋಟ ಅಪರೂಪ. ಸಿಡಿಲು ಮರಕ್ಕೇ ಬಡಿದರೂ ಅದರ ಅಲೆ ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಆಕಾಶ ಕಪ್ಪಾದರೆ ಪ್ಲಗ್ಗು ಕಿತ್ತಿಡುವುದು ಎಲ್ಲ ಗ್ಯಾರಂಟಿ ಕಾರ್ಡಿಗಿಂತ ಮೇಲು. ಇಂಟರ್ನೆಟ್ ತಂತಿಯನ್ನೂ.

ಕೊನೆಗೆ ತೀರ್ಮಾನವಾದದ್ದು 27 ಇಂಚು, 2560×1440, ಐಪಿಎಸ್, ಮಬ್ಬು ಮೈ, 180 ಹರ್ಟ್ಸ್. ತಿಪಟೂರಿನಲ್ಲಿ ಅಂಥದ್ದು ತರಿಸಿ ಕೊಡುತ್ತೇವೆ ಎಂದರು, ಆದರೆ ಕಣ್ಣಲ್ಲಿ ನೋಡದೆ ತಗೊಳ್ಳಲು ಹುಡುಗನಿಗೆ ಮನಸ್ಸಿಲ್ಲ. ಇಬ್ಬರೂ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಅಂಗಡಿ. ಒಂದು ಕಡೆ “ಜಿಎಸ್‌ಟಿ ಇಳಿದಿದೆ ಸಾರ್, ಅದಕ್ಕೇ ಈ ರೇಟು” ಎಂದರು. 2025ರ ಸೆಪ್ಟೆಂಬರ್ 22ರಂದು 28 ಪರ್ಸೆಂಟಿನಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಪರದೆಗಳ ತೆರಿಗೆ. 27 ಇಂಚಿನದು 2019ರಿಂದಲೂ 18ರಲ್ಲೇ ಇದೆ. ನಕ್ಕು ಮುಂದಿನ ಅಂಗಡಿಗೆ ಹೋದೆವು.

ಹತ್ತಾರು ಬ್ರ್ಯಾಂಡು ಸಾಲಾಗಿ ನಿಂತಿದ್ದವು. ಹುಡುಗ ಗೊಂದಲಕ್ಕೆ ಬಿದ್ದ. ಹೆಸರು ಹತ್ತಾರು ಇದ್ದರೂ ಒಳಗಿನ ಗಾಜಿನ ಫಲಕ ಮಾಡುವ ಕಾರ್ಖಾನೆಗಳು ಲೋಕದಲ್ಲಿ ಬೆರಳೆಣಿಕೆಯಷ್ಟು: ಎಲ್‌ಜಿ ಡಿಸ್‌ಪ್ಲೇ, ಬಿಒಇ, ಎಯುಒ, ಇನೊಲಕ್ಸ್, ಇನ್ನೊಂದೆರಡು. ತಿಪಟೂರಿನ ಕೊಬ್ಬರಿ ದೆಹಲಿ ಕಡೆಗೆ ಹೋಗುವಾಗ ಮೂಟೆ ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಉಂಡೆ ನಮ್ಮದೇ ಅಲ್ಲವೇ? ಹೆಸರಿಗಿಂತ ನೋಡಬೇಕಾದ್ದು ಸ್ಟ್ಯಾಂಡು ಮೇಲೆ ಕೆಳಗೆ ಆಡುತ್ತದಾ, ತುಮಕೂರಿನಲ್ಲಾದರೂ ಸರ್ವಿಸ್ ಇದೆಯಾ, ವಾರಂಟಿ ಮೂರು ವರ್ಷವಾ.

ಪೆಟ್ಟಿಗೆಯನ್ನು ಅಲ್ಲೇ ಬಿಚ್ಚಿಸಿ ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಮಾಡಿಸಿದೆವು. ಸತ್ತ ಚುಕ್ಕಿ ಹುಡುಕುವ ಕ್ರಮ ಇದು. ಬಿಳಿಯಲ್ಲಿ ಕರಿ ಕಲೆ, ಕಪ್ಪಿನಲ್ಲಿ ಬಣ್ಣದ ಕಿಡಿ ಕಾಣಬಾರದು. ಒಂದೆರಡು ಸತ್ತಿದ್ದರೆ ಬದಲಿಸಿಕೊಡಬೇಕಿಲ್ಲ ಎಂದೇ ಹಲವು ಕಂಪನಿಗಳ ನಿಯಮ; ಆದ್ದರಿಂದ ದುಡ್ಡು ಎಣಿಸುವ ಮುಂಚೆ ನೋಡಬೇಕು. ಅಂಗಡಿಯ ಹುಡುಗನಿಗೆ ನಮ್ಮ ಅಳಿಯ ಮೂಗು ಗಾಜಿಗೆ ತಗಲುವ ಹಾಗೆ ಬಾಗಿ ಮೂಲೆ ಮೂಲೆ ನೋಡುವುದು ವಿಚಿತ್ರವಾಗಿ ಕಂಡಿರಬೇಕು. ಹೊರಗೆ ಉಂಡೆಯಾಗಿ, ಒಡೆದರೆ ಕೌಟಾದ ಕೊಬ್ಬರಿಯನ್ನು ಬೇರ್ಪಡಿಸುತ್ತ ಬೆಳೆದ ಕಣ್ಣು ಅದು. ಮೊದಲನೆಯದರಲ್ಲಿ ಬಲ ಮೂಲೆಗೊಂದು ಹಸಿರು ಕಿಡಿ ಸಿಕ್ಕಿಯೇ ಬಿಟ್ಟಿತು. ಎರಡನೆಯದು ಶುದ್ಧ. ಒಂದು ಕ್ವಿಂಟಲಿನಲ್ಲಿ ಉಳಿದ ದುಡ್ಡಿಗೆ ಕೈಯಿಂದ ಒಂದಿಷ್ಟು ಸೇರಿಸಿ ಯುಪಿಎಸ್ ತಗೊಂಡೆವು. ಆ ಒಂದಿಷ್ಟು ಯಾರ ಜೇಬಿನದು ಅಂತ ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ರೈಲಿನಲ್ಲಿ ಪೆಟ್ಟಿಗೆಯನ್ನು ಮಲಗಿಸದೆ, ನಿಲ್ಲಿಸಿ, ಮೊಣಕಾಲ ನಡುವೆ ಹಿಡಿದುಕೊಂಡು ಬಂದೆವು. ತುಮಕೂರು ತನಕ ಮೂರು ಜನ “ಟಿವಿನಾ?” ಎಂದು ಕೇಳಿದರು. ಹೌದು ಎಂದೆವು.

ಹಾಕಿದ ಮೊದಲ ರಾತ್ರಿ ಹುಡುಗ ಆಡಿದ್ದು ಫಾರ್ಮಿಂಗ್ ಸಿಮ್ಯುಲೇಟರ್ 25. ಗುಂಡಿನ ಆಟ ಬಿಟ್ಟು ಇದನ್ನು ಯಾಕೆ ಹಾಕಿದನೋ, ಅಪ್ಪನನ್ನು ಒಲಿಸಿಕೊಳ್ಳಲಿಕ್ಕೋ ಏನೋ. ಅಕ್ಕ ಖಾಲಿ ಪೆಟ್ಟಿಗೆಯನ್ನು ಥರ್ಮೊಕೋಲು ಸಮೇತ ಅಟ್ಟಕ್ಕೇರಿಸಿ, ಕಾಯಿಗಳ ಪಕ್ಕಕ್ಕೆ ಸರಿಸಿ ಇಳಿದು ಬಂದಳು. ಭಾವ ಬಾಗಿಲಲ್ಲಿ ನಿಂತವರು ಒಳಗೆ ಬಂದರು, ಕುರ್ಚಿ ಎಳೆದುಕೊಂಡರು. ಪರದೆಯಲ್ಲಿ ಟ್ರ್ಯಾಕ್ಟರು ಕೆಸರುಗದ್ದೆಯಲ್ಲಿ ಸಾಗುತ್ತಿತ್ತು.

“ಇದ್ರಾಗೆ ತೆಂಗು ಇಲ್ವಾ?”

“ಇಲ್ಲಪ್ಪ. ಭತ್ತ ಇದೆ, ಗೋಧಿ ಇದೆ. ಎಮ್ಮೆನೂ ಇದೆ.”

“ಧಾರಣೆ?”

“ತಿಂಗಳು ತಿಂಗಳಿಗೂ ಏರುತ್ತೆ, ಇಳಿಯುತ್ತೆ. ಈಗ ಕಮ್ಮಿ ಐತೆ. ಮಾರಿಬಿಟ್ಟು ಇನ್ನೊಂದು ಟ್ರ್ಯಾಕ್ಟರ್ ತಗೊಳೋಣ ಅಂತಿದ್ದೆ.”

ಭಾವ ಕನ್ನಡಕ ಹಣೆಗೇರಿಸಿ ಅಂಕಿಗಳನ್ನು ಹತ್ತಿರದಿಂದ ನೋಡಿದರು. “ಈಗ ಮಾರಬ್ಯಾಡ” ಎಂದರು. “ಅಟ್ಟಕ್ಕೆ ಹಾಕು.”